ಉಪಕೋಸಲನ ಅನಶನ ಮತ್ತು ವಿದ್ಯಾರ್ಥಿಯ ಮನೋರಕ್ಷಣೆ

ವಿದ್ಯಾರ್ಥಿಗಳ ಮನಃಕ್ಲೇಶವು ಇಂದಿನ ಕಾಲೇಜುಗಳೊಡನೆ ಹುಟ್ಟಿದುದೆಂದು ಭಾವಿಸುವುದುಂಟು. ಛಾಂದೋಗ್ಯೋಪನಿಷತ್ತಿನ ನಾಲ್ಕನೆಯ ಅಧ್ಯಾಯದಲ್ಲಿರುವ ಉಪಕೋಸಲನ ಆಖ್ಯಾನವು ಈ ಭಾವನೆಯನ್ನು ತಿದ್ದುತ್ತದೆ.

ಉಪಕೋಸಲನು ಸತ್ಯಕಾಮ ಜಾಬಾಲನಲ್ಲಿ ಹನ್ನೆರಡು ವರ್ಷ ಬ್ರಹ್ಮಚಾರಿಯಾಗಿದ್ದು ಅಗ್ನಿಪರಿಚರ್ಯೆಯನ್ನು ಮಾಡಿದನು. ಆಚಾರ್ಯನು ಉಳಿದ ಶಿಷ್ಯರಿಗೆ ಸಮಾವರ್ತನವನ್ನು ಮಾಡಿಸಿ ಇವನೊಬ್ಬನನ್ನು ಮಾತ್ರ ನಿಲ್ಲಿಸಿಕೊಂಡನು. ಇವನಿಗೆ ಉಪದೇಶಮಾಡಬೇಕೆಂದು ಪತ್ನಿಯು ಹೇಳಿದರೂ ಮಾಡದೆ ಪ್ರವಾಸಕ್ಕೆ ಹೊರಟುಹೋದನು. ಆಗ ಉಪಕೋಸಲನು ವ್ಯಾಧಿಯಿಂದ ಊಟವನ್ನು ಬಿಟ್ಟನು. ಇಲ್ಲಿಯ ವ್ಯಾಧಿಶಬ್ದಕ್ಕೆ ಶಂಕರಾಚಾರ್ಯರು ಮಾನಸದುಃಖವೆಂದೇ ಅರ್ಥಮಾಡಿರುತ್ತಾರೆ. ಅವನು ಮರಣವನ್ನು ಬಯಸಿದನೆಂದು ಶ್ರುತಿಯು ಹೇಳುವುದಿಲ್ಲವಾದ ಕಾರಣ ಇದನ್ನು ಪ್ರಾಯೋಪವೇಶವೆಂದು ಕರೆಯುವುದು ಯುಕ್ತವಲ್ಲ. ಆದರೆ ಸಹಾಧ್ಯಾಯಿಗಳು ಮುಂದೆ ಸಾಗಿದಾಗ ಹಿಂದುಳಿದವನ ಸಂಕಟವು ಇಲ್ಲಿ ಸ್ಪಷ್ಟವಾಗಿದೆ.

ಗುರುಪತ್ನಿಯು ಅವನನ್ನು ಗದರಿಸಲಿಲ್ಲ. ಏಕೆ ಉಣ್ಣುವುದಿಲ್ಲವೆಂದು ಕೇಳಿದಳು. ಅವನು ತನ್ನಲ್ಲಿ ತುಂಬಿದ ವ್ಯಾಧಿಗಳನ್ನು ಹೇಳಿಕೊಂಡನು. ಬಳಿಕ ಅಗ್ನಿಗಳು ತಮ್ಮಲ್ಲಿ ಆಲೋಚಿಸಿ ಅವನಿಗೆ ವಿದ್ಯೆಯನ್ನು ಉಪದೇಶಿಸಿದುವು. ಹಿಂದಿರುಗಿದ ಗುರುವು ಉಳಿದುದನ್ನು ಪೂರೈಸಿದನು. ಕಥೆಯಲ್ಲೆಲ್ಲಿಯೂ ಶಿಷ್ಯನಿಗೆ ನಿಂದೆಯಿಲ್ಲ.

ಶಾಸನವು ಹಿಡಿದ ದಾರಿ ಬೇರೆ. ಕಾಮಕ್ರೋಧಗಳಿಂದ ತನ್ನನ್ನು ಕೊಂದುಕೊಂಡವನಿಗೆ ಅರ್ಥಶಾಸ್ತ್ರವು ಶವಸಂಸ್ಕಾರವನ್ನೇ ನಿಷೇಧಿಸಿತು. ಚರಕಸಂಹಿತೆಯಾದರೋ ಮನಸ್ಸನ್ನು ಅಹಿತವಿಷಯಗಳಿಂದ ಹಿಂದೆಗೆಯುವ ಸತ್ತ್ವಾವಜಯವನ್ನು ಚಿಕಿತ್ಸೆಯ ಮೂರು ಬಗೆಗಳಲ್ಲಿ ಒಂದೆಂದು ಎಣಿಸಿತು. ಆದರೆ ರಾಜದಂಡವು ವೈದ್ಯನ ಮಾತನ್ನು ಕೇಳಲಿಲ್ಲ. 1860ರ ಭಾರತೀಯ ದಂಡಸಂಹಿತೆಯ 309ನೆಯ ವಿಧಿಯು ಆತ್ಮಹತ್ಯೆಯ ಪ್ರಯತ್ನಕ್ಕೆ ಒಂದು ವರ್ಷದವರೆಗೆ ಕಾರಾಗೃಹವಾಸವನ್ನು ವಿಧಿಸಿತು. ದಂಡದ ಭಯವಿದ್ದಲ್ಲಿ ನೊಂದವನು ತನ್ನ ದುಃಖವನ್ನು ಯಾರಲ್ಲಿ ಹೇಳಿಕೊಂಡಾನು?

ಈ ದಾರಿಯು ತಿರುಗಲು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು. 2017ರ ಮಾನಸಿಕ ಆರೋಗ್ಯಪಾಲನಾ ಅಧಿನಿಯಮದ 115ನೆಯ ವಿಧಿಯು, ಅಂಥ ಪ್ರಯತ್ನಮಾಡಿದವನು ತೀವ್ರಕ್ಲೇಶದಲ್ಲಿದ್ದನೆಂದೇ ಗ್ರಹಿಸಿ, ಅವನ ಆರೈಕೆ ಚಿಕಿತ್ಸೆಗಳನ್ನು ಸರ್ಕಾರದ ಕರ್ತವ್ಯವನ್ನಾಗಿ ಮಾಡಿತು. 2024ನೆಯ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯಸಂಹಿತೆಯಲ್ಲಿ 309ನೆಯ ವಿಧಿಯು ಉಳಿಯಲಿಲ್ಲ; ಸರ್ಕಾರಿ ನೌಕರನನ್ನು ನಿರ್ಬಂಧಿಸಲೆಂದು ಮಾಡುವ ಪ್ರಯತ್ನವು ಮಾತ್ರ ದಂಡಾರ್ಹವಾಗಿದೆ. 2022ನೆಯ ಅಕ್ಟೋಬರ್ 10ರಂದು ಟೆಲಿ ಮಾನಸ್ ಎಂಬ ದೂರವಾಣಿಸೇವೆಯು ಆರಂಭವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಇದರ ಕೇಂದ್ರಸಂಸ್ಥೆ. 14416 ಎಂಬ ಸಂಖ್ಯೆಗೆ ಹಗಲಿರುಳೂ ಶುಲ್ಕವಿಲ್ಲದೆ ಕರೆಮಾಡಬಹುದು.

ಆದರೂ ರಾಷ್ಟ್ರೀಯ ಅಪರಾಧ ದಾಖಲೆಗಳ ಗಣನೆಯಂತೆ 2022ನೆಯ ಒಂದೇ ವರ್ಷದಲ್ಲಿ 13,044 ಮಂದಿ ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ಮಡಿದರು. 2025ನೆಯ ಜುಲೈ 25ರಂದು ಸರ್ವೋಚ್ಚ ನ್ಯಾಯಾಲಯವು ಹದಿನೈದು ಮಾರ್ಗಸೂತ್ರಗಳನ್ನು ಕೊಟ್ಟಿತು: ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಅರ್ಹನಾದ ಆಪ್ತಸಲಹೆಗಾರನಿರಬೇಕು, ಅಧ್ಯಾಪಕಾದಿಗಳಿಗೆ ವರ್ಷಕ್ಕೆ ಎರಡು ಬಾರಿಯಾದರೂ ಶಿಕ್ಷಣವಾಗಬೇಕು, ಅಂಕಗಳನ್ನು ನೋಡಿ ವಿದ್ಯಾರ್ಥಿಗಳನ್ನು ಬೇರ್ಪಡಿಸುವುದೂ ಬಹಿರಂಗವಾಗಿ ಅವಮಾನಿಸುವುದೂ ಸಲ್ಲದು.

ಈ ಮೂರನೆಯ ಸೂತ್ರವು ಉಪಕೋಸಲನ ದುಃಖದ ಮೂಲವನ್ನೇ ಮುಟ್ಟುತ್ತದೆ. ಸತ್ಯಕಾಮನು ಬ್ರಹ್ಮಜ್ಞನಾಗಿದ್ದನು, ಆದರೆ ಶಿಷ್ಯನು ಅನ್ನವನ್ನು ಬಿಟ್ಟಾಗ ಮನೆಯಲ್ಲಿರಲಿಲ್ಲ. ಅಧ್ಯಾಪಕನ ಪಾಂಡಿತ್ಯವು ಶಿಷ್ಯನ ಯೋಗಕ್ಷೇಮವನ್ನು ವಿಚಾರಿಸುವ ಹೊಣೆಯಿಂದ ಅವನನ್ನು ಬಿಡಿಸುವುದಿಲ್ಲ. ಶಾಸನವು ದಂಡವನ್ನು ತೆಗೆಯಬಲ್ಲುದು, ಸಲಹೆಗಾರನನ್ನು ನಿಯಮಿಸಬಲ್ಲುದು. ಉಣ್ಣದವನನ್ನು ಕಂಡು ಏಕೆಂದು ಕೇಳುವುದು ಹತ್ತಿರದಲ್ಲಿರುವವರ ಕೆಲಸ.