ಸಂಘಟಕ ರಾಮಕೃಷ್ಣ ಹೆಗಡೆ

ಚುನಾವಣೆಗಳ ಇತಿಹಾಸದಲ್ಲಿ ಗೆದ್ದವರ ಹೆಸರು ಉಳಿಯುತ್ತದೆ. ಗೆಲ್ಲಿಸಿದವರ ಹೆಸರು ಉಳಿಯುವುದು ಅಪರೂಪ. ಈ ಎರಡೂ ಪಾತ್ರಗಳನ್ನು ಒಬ್ಬರೇ ವಹಿಸಿದ ನಿದರ್ಶನ ರಾಮಕೃಷ್ಣ ಹೆಗಡೆಯವರದು. 1926ರಲ್ಲಿ ಸಿದ್ದಾಪುರ ತಾಲೂಕಿನ ದೊಡ್ಮನೆಯಲ್ಲಿ ಜನಿಸಿದ ಅವರು 1954ರಿಂದ 1957ರವರೆಗೆ ಉತ್ತರ ಕನ್ನಡ ಜಿಲ್ಲಾ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದರು.

ಸಂಘಟನೆಯನ್ನು ಕಲಿಯಲು ಆ ಜಿಲ್ಲೆ ಸುಲಭದ ಪಾಠಶಾಲೆಯಲ್ಲ. ಹಳಿಯಾಳದಲ್ಲಿ ಮರಾಠಿ ಮಾತಿನ ಒಕ್ಕಲುಮಕ್ಕಳು. ಜೋಯಿಡಾದ ಕಾಡಿನಲ್ಲಿ ಚದುರಿಹೋದ ಕುಣಬಿಗಳ ಹಳ್ಳಿಗಳು. ಬಯಲುಸೀಮೆಗೆ ಮುಖಮಾಡಿದ ಮುಂಡಗೋಡದಲ್ಲಿ ಭತ್ತದ ರೈತರು. ಐವತ್ತರ ದಶಕದಲ್ಲಿ ಕಾಗದದ ಕಾರ್ಖಾನೆ ತಲೆಯೆತ್ತಿದ ದಾಂಡೇಲಿಯಲ್ಲಿ ನಾನಾ ಸೀಮೆಗಳ ಕಾರ್ಮಿಕರು. ಒಂದೂರಿನಲ್ಲಿ ಮಾಡಿದ ಭಾಷಣ ಇನ್ನೊಂದೂರಿಗೆ ಸಲ್ಲದು. ಇಂಥ ಕಡೆ ಪಕ್ಷವೆಂದರೆ ಆಯಾ ಊರಿನ ಮಾತು ಬಲ್ಲ, ಮನೆಮನೆಯ ಜಗಲಿ ಹತ್ತಬಲ್ಲ ಕಾರ್ಯಕರ್ತನೇ.

ಮುಂದೆ ಮೈಸೂರು ಪ್ರದೇಶ ಕಾಂಗ್ರೆಸ್ಸಿನ ಪ್ರಧಾನ ಕಾರ್ಯದರ್ಶಿಯಾದ ಹೆಗಡೆಯವರು, 1969ರಲ್ಲಿ ಪಕ್ಷ ಒಡೆದಾಗ ನಿಜಲಿಂಗಪ್ಪನವರ ಬಣದಲ್ಲಿ ನಿಂತರು. ತುರ್ತುಪರಿಸ್ಥಿತಿಯಲ್ಲಿ ಸೆರೆಮನೆ ಕಂಡು, ಬಳಿಕ ಜನತಾ ಪಕ್ಷವನ್ನು ಸೇರಿದರು. 1983ರ ಜನವರಿಯಲ್ಲಿ, 224 ಸ್ಥಾನಗಳ ವಿಧಾನಸಭೆಯಲ್ಲಿ 95 ಸ್ಥಾನ ಪಡೆದ ಜನತಾ ರಂಗದ ನಾಯಕರಾಗಿ, ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದರು.

ಆದರೆ ಅವರೊಳಗಿನ ತಂತ್ರಜ್ಞನನ್ನು ಕಾಣಬೇಕಾದರೆ 1984ರ ಸೋಲನ್ನು ನೋಡಬೇಕು. ಆ ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ 28 ಸ್ಥಾನಗಳ ಪೈಕಿ ಜನತಾ ಪಕ್ಷಕ್ಕೆ ದೊರೆತದ್ದು ನಾಲ್ಕೇ. ಹೆಗಡೆಯವರು ರಾಜೀನಾಮೆಯಿತ್ತು, ಮತ್ತೆ ಜನರ ಮುಂದೆ ನಿಂತರು. ಮೂರು ತಿಂಗಳೊಳಗೆ ಅದೇ ಮತದಾರರು ಅವರ ಪಕ್ಷಕ್ಕೆ 139 ಸ್ಥಾನಗಳನ್ನು ಕೊಟ್ಟರು. ದಿಲ್ಲಿಗೆ ಒಬ್ಬರನ್ನೂ ಬೆಂಗಳೂರಿಗೆ ಇನ್ನೊಬ್ಬರನ್ನೂ ಆರಿಸುವ ವಿವೇಕ ಹಳ್ಳಿಯ ಮತದಾರನಿಗಿದೆಯೆಂದು ನಂಬಿ ಆಡಿದ ಪಂದ್ಯವದು.

ಮತದಾರರನ್ನು ಹೀಗೆ ಅರಿತವರಿಗೆ ಪಕ್ಷವನ್ನು ಉಳಿಸಿಕೊಳ್ಳುವುದು ಮಾತ್ರ ಒಲಿಯಲಿಲ್ಲ. 1996ರಲ್ಲಿ ಜನತಾದಳ ಅವರನ್ನು ಉಚ್ಚಾಟಿಸಿತು. 1997ರಲ್ಲಿ ಅವರು ಕಟ್ಟಿದ ಲೋಕಶಕ್ತಿ, ಭಾರತೀಯ ಜನತಾ ಪಕ್ಷದ ಜೊತೆಗೂಡಿ 1998ರಲ್ಲಿ ಮೂರು ಲೋಕಸಭಾ ಸ್ಥಾನಗಳನ್ನು ಗಳಿಸಿತು. ಮರುವರ್ಷವೇ ಸಂಯುಕ್ತ ಜನತಾದಳದಲ್ಲಿ ಲೀನವಾಯಿತು. 1983ರಲ್ಲಿ ಹಳಿಯಾಳದಿಂದ ಮೊದಲು ಆರಿಸಿಬಂದು, ಜನತಾದಳದ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಆರ್. ವಿ. ದೇಶಪಾಂಡೆಯವರು 1999ರಲ್ಲಿ ಕಾಂಗ್ರೆಸ್ ಸರ್ಕಾರದ ಮಂತ್ರಿಗಳಾದರು. ಊರುಗಳಲ್ಲಿ ಜನ ಅವರೇ, ನಂಟುಗಳೂ ಅವೇ. ಬಾವುಟ ಮಾತ್ರ ಬೇರೆ.

ಹಾಗಾದರೆ ಈ ಸಂಘಟಕ ಬಿಟ್ಟುಹೋದದ್ದೇನು? 1983ರ ಪಂಚಾಯತಿ ಶಾಸನವನ್ನು ಕೇಳುಗರು ನೆನೆಯಬೇಕು. ಅಬ್ದುಲ್ ನಜೀರ್ ಸಾಬರೊಡನೆ ಕೂಡಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳಿಗೆ ಅಧಿಕಾರವನ್ನೂ, ಅಲ್ಲಿ ಮಹಿಳೆಯರಿಗೆ ನಾಲ್ಕನೆಯ ಒಂದು ಪಾಲನ್ನೂ ಕೊಟ್ಟು, 1987ರ ಆರಂಭದಲ್ಲಿ ಚುನಾವಣೆ ನಡೆಸಿದ್ದು ಅವರ ಸರ್ಕಾರ. ಶಾಸನದ ರೂಪ ಬಳಿಕ ಬದಲಾಯಿತು, ತತ್ತ್ವ ಉಳಿಯಿತು. 2004ರ ಜನವರಿಯಲ್ಲಿ ಹೆಗಡೆಯವರು ತೀರಿಕೊಂಡಾಗ ಅವರು ಕಟ್ಟಿದ ಪಕ್ಷ ಇರಲಿಲ್ಲ. ಜೋಯಿಡಾದ ಕಾಡಂಚಿನ ಹಳ್ಳಿಯಲ್ಲಿ ಪಂಚಾಯತಿ ಸಭೆ ಮಾತ್ರ ಸೇರುತ್ತಿತ್ತು.