ಜಕಣನ ಬಲಗೈ, ನಮ್ಮ ಮಾವನ ಬೆರಳು

ಇವತ್ತಿನ ಸಂಚಿಕೆ ಬೇಲೂರಿನಿಂದ ಶುರು.

ಚೆನ್ನಕೇಶವ ದೇವಾಲಯದ ಅಂಗಳದಲ್ಲಿರುವ ಕಪ್ಪೆ ಚೆನ್ನಿಗರಾಯನ ಕಥೆ ನಿಮಗೆ ಗೊತ್ತೇ ಇರುತ್ತೆ. ವಿಗ್ರಹದ ಕಲ್ಲಿನಲ್ಲಿ ದೋಷ ಇದೆ ಅಂತಾನೆ ಒಬ್ಬ ಹುಡುಗ. ತೋರಿಸಿದರೆ ಬಲಗೈ ಕತ್ತರಿಸಿಕೊಳ್ತೀನಿ ಅಂತಾನೆ ಜಕಣಾಚಾರಿ. ಗಂಧ ಬಳಿದು ನೋಡಿದರೆ ಹೊಕ್ಕುಳ ಹತ್ತಿರ ಮಾತ್ರ ಒಣಗಲಿಲ್ಲ. ಉಳಿ ತಾಗಿಸಿದರೆ ಒಳಗೆ ಕಪ್ಪೆ! ಜಕಣ ಮಾತಿನಂತೆ ಕೈ ಕಳೆದುಕೊಂಡ. ಆ ಹುಡುಗ ತನ್ನ ಮಗ ಡಂಕಣ ಅಂತ ಆಮೇಲೆ ತಿಳೀತು. ಮುಂದೆ ತುಮಕೂರಿನ ಹತ್ತಿರ ಕೇಶವನ ಗುಡಿ ಕಟ್ಟಿದಾಗ ಕೈ ಮರಳಿ ಬಂತಂತೆ; ಆ ಊರೇ ಕೈದಾಳ.

ಇದು ಐತಿಹ್ಯ. ಇತಿಹಾಸಕ್ಕೆ ಬಂದರೆ, ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಈ ದೇವಾಲಯದ ಮದನಿಕೆಯರ ಕೆಳಗೆ ಶಿಲ್ಪಿಗಳ ಸಹಿ ಇದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ತಂದೆ-ಮಗ ಇಬ್ಬರೂ ಸಿಗ್ತಾರೆ, ಆದರೆ ಆ ಸಹಿಗಳಲ್ಲಿ ಜಕಣನ ಹೆಸರಿಲ್ಲ.

ಹಾಗಿದ್ದೂ ಕಥೆ ಯಾಕೆ ಉಳೀತು? ಹಳೇಬೀಡಿನ ಗೋಡೆ ನೋಡ್ತಾ ನನಗೆ ಅನಿಸಿದ್ದು ಇಷ್ಟು. ಅಲ್ಲಿ ಎಷ್ಟೋ ವಿಗ್ರಹಗಳಿಗೆ ಕೈಯಿಲ್ಲ. ಕಲ್ಲಿನ ಬೆರಳು ಮುರಿದರೆ ಮತ್ತೆ ಚಿಗುರಲ್ಲ ಅಂತ ಶಿಲ್ಪಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ತನ್ನ ಕೈಯಾದರೂ ವಾಪಸ್ ಬರಲಿ ಅನ್ನೋದು ಕೈಯಿಂದಲೇ ಬದುಕುವವನ ಆಸೆ.

ನಮ್ಮ ಮಾವ ಅರಸೀಕೆರೆ ಕಡೆಯ ರೈತ. ತೆಂಗಿನ ತೋಟ, ಎರಡು ಹಸು. ಇಪ್ಪತ್ತು ವರ್ಷದ ಹಿಂದೆ ಮೇವು ಕತ್ತರಿಸುವ ಮಿಷನ್‌ಗೆ ಬಲಗೈಯ ಎರಡು ಬೆರಳು ಹೋದವು. ನಾವೇ ಓಡಾಡಿ, ಅಂಗಡಿಯಿಂದ ಐಸ್ ತಂದು, ಬೆರಳುಗಳನ್ನ ನೇರ ಅದರೊಳಗೇ ಹಾಕಿ ಕೊಂಡೊಯ್ದೆವು. ಡಾಕ್ಟರ್ ನೋಡಿ, "ಐಸ್ ತಾಗಿ ಒಳಗಿನ ರಕ್ತನಾಳ ಹಾಳಾಗಿದೆ, ಜೋಡಿಸೋಕಾಗಲ್ಲ" ಅಂದರು. ಒಳ್ಳೇದು ಮಾಡ್ತಿದ್ದೀವಿ ಅಂತ ನಾವೇ ಕೆಡಿಸಿದ್ದೆವು.

ಅಂದಿನಿಂದ ಕೈ ಶಸ್ತ್ರಚಿಕಿತ್ಸೆಯ ಚರಿತ್ರೆ ಓದ್ತಾ ಬಂದೆ. ಬೆರಳೊಳಗೆ ಅದನ್ನ ಮಡಚುವ ಮಾಂಸಖಂಡವೇ ಇಲ್ಲ, ಗೊತ್ತಾ? ಮುಖ್ಯ ಖಂಡಗಳು ಮುಂದೋಳಿನಲ್ಲಿವೆ. ಸೂತ್ರದ ಗೊಂಬೆಯ ದಾರದಂತೆ ಬಿಳಿ ಹುರಿಗಳು ಬೆರಳನ್ನ ಎಳೀತವೆ. ಆ ಹುರಿಗಳು ಓಡಾಡುವ ಇಕ್ಕಟ್ಟಿನ ಜಾಗದಲ್ಲಿ ಹೊಲಿಗೆ ಹಾಕಿದರೆ ಅಂಟಿಕೊಂಡು ಬೆರಳು ಸೆಟೆದುಹೋಗ್ತಿತ್ತು. ಅಮೆರಿಕದ ಸ್ಟರ್ಲಿಂಗ್ ಬನ್ನೆಲ್ ಆ ಭಾಗಕ್ಕೆ ಯಾರಿಗೂ ಸೇರದ ನೆಲ ಅಂತಲೇ ಹೆಸರಿಟ್ಟರು. 1960ರ ದಶಕದಲ್ಲಿ ಹೆರಾಲ್ಡ್ ಕ್ಲೈನರ್ಟ್ ಅಲ್ಲೂ ಹೊಲೀಬಹುದು, ಆದರೆ ಬೇಗನೆ ಬೆರಳು ಆಡಿಸಬೇಕು ಅಂತ ತೋರಿಸಿದರು. 1962ರಲ್ಲಿ ಬಾಸ್ಟನ್‌ನಲ್ಲಿ ಒಬ್ಬ ಹುಡುಗನ ತುಂಡಾದ ತೋಳು, 1965ರಲ್ಲಿ ಜಪಾನಿನಲ್ಲಿ ಸೂಕ್ಷ್ಮದರ್ಶಕದಡಿ ಕೂದಲಿಗಿಂತ ತೆಳು ದಾರದಿಂದ ಒಂದು ಹೆಬ್ಬೆರಳು, ಎರಡೂ ಮತ್ತೆ ಸೇರಿದವು.

ನಮಗೆ ಹತ್ತಿರದ ಕಥೆ ವೆಲ್ಲೂರಿನದು. ಕೊಲ್ಲಿ ಬೆಟ್ಟದಲ್ಲಿ 1914ರಲ್ಲಿ ಹುಟ್ಟಿದ ಪಾಲ್ ಬ್ರ್ಯಾಂಡ್, ಡಾಕ್ಟರಾಗುವ ಮೊದಲು ಲಂಡನ್‌ನಲ್ಲಿ ಮರಗೆಲಸ, ಗಾರೆಗೆಲಸ ಕಲಿತವರು. 1946ರಲ್ಲಿ ವೆಲ್ಲೂರಿಗೆ ಬಂದರು. ಕುಷ್ಠರೋಗಿಗಳ ಬೆರಳು ತಾನಾಗಿ ಉದುರಲ್ಲ, ನೋವೇ ತಿಳಿಯದ್ದರಿಂದ ಸುಟ್ಟು, ಗಾಯವಾಗಿ ಸವೀತವೆ ಅಂತ ಕಂಡುಕೊಂಡರು. ಕೆಲಸ ಮಾಡುತ್ತಿದ್ದ ಒಂದು ಖಂಡದ ಹುರಿಯನ್ನ ಸೋತ ಬೆರಳಿಗೆ ಕಟ್ಟಿ, ಮುದುಡಿದ ಕೈ ತೆರೆಸಿದರು. ಅಷ್ಟಕ್ಕೇ ಬಿಡಲಿಲ್ಲ, ಆ ಕೈಗಳಿಗೆ ಮರಗೆಲಸವನ್ನೂ ಕಲಿಸಿದರು. ಯಾಕಂದ್ರೆ ಆಪರೇಷನ್ ಆದರೆ ಅರ್ಧ ಕೆಲಸ ಮಾತ್ರ. ನರ ಬೆಳೆಯೋದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಮಣಿಕಟ್ಟಿನಿಂದ ಬೆರಳ ತುದಿಗೆ ಸ್ಪರ್ಶ ಬರೋಕೆ ಆರು ತಿಂಗಳಾದರೂ ಬೇಕು. ಕೈ ಕೊನೆಗೆ ಮರಳೋದು ರೋಗಿಯ ದುಡಿಮೆಯಿಂದ. ಗುಡಿ ಕಟ್ಟಿ ಮುಗಿಸಿದ ಮೇಲೇ ಜಕಣನಿಗೆ ಕೈ ಬಂತು ಅನ್ನೋದು ಅದಕ್ಕೇ ನನಗೆ ಈಗ ಬೇರೆ ಥರ ಕೇಳಿಸುತ್ತೆ.

2015ರ ಜನವರಿಯಲ್ಲಿ ಕೊಚ್ಚಿಯ ಅಮೃತಾ ಆಸ್ಪತ್ರೆಯಲ್ಲಿ ಸುಬ್ರಹ್ಮಣ್ಯ ಅಯ್ಯರ್ ಅವರ ತಂಡ, ಮೃತರೊಬ್ಬರ ಎರಡೂ ಕೈಗಳನ್ನ ಇನ್ನೊಬ್ಬರಿಗೆ ಜೋಡಿಸಿತು. ಭಾರತದಲ್ಲಿ ಅದೇ ಮೊದಲು.

ಕೊನೆಗೆ, ನಾವು ಮಾಡಿದ ತಪ್ಪು ನೀವು ಮಾಡಬೇಡಿ. ಗಾಯಕ್ಕೆ ಶುಭ್ರ ಬಟ್ಟೆ ಒತ್ತಿಹಿಡಿದು ಕೈ ಮೇಲೆತ್ತಿ. ತುಂಡಾದ ಬೆರಳನ್ನ ಒದ್ದೆ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರ್‌ನಲ್ಲಿ ಬಿಗಿಯಾಗಿ ಕಟ್ಟಿ, ಆ ಕವರ್ ಅನ್ನ ಐಸ್ ನೀರಿನಲ್ಲಿಡಿ. ಐಸ್ ಬೆರಳಿಗೆ ತಾಗಲೇಬಾರದು. 108ಕ್ಕೆ ಫೋನ್ ಮಾಡಿ. ಬೆರಳು ಜೋಡಿಸುವ ತಂಡ ಇರುವ ಆಸ್ಪತ್ರೆ ಯಾವುದು ಅಂತ ದಾರಿಯಲ್ಲೇ ವಿಚಾರಿಸಿ. ಇಡೀ ಕೈ ತುಂಡಾಗಿದ್ದರೆ ಸುಮಾರು ಆರು ಗಂಟೆಯೊಳಗೆ ತಲುಪಬೇಕು.

ಮಾವ ಈಗಲೂ ಉಳಿದ ಬೆರಳಲ್ಲೇ ಕಾಯಿ ಸುಲೀತಾರೆ. ಈ ಸಂಚಿಕೆ ಮಾಡ್ತೀನಿ ಅಂದಾಗ ಹೇಳಿದ್ದು ಒಂದೇ: "ಐಸಿನ ವಿಷಯ ಮರೀಬೇಡಪ್ಪ." ಮರೆತಿಲ್ಲ ಮಾವ.