ಸೋತವನು ಎಲ್ಲಿಗೆ ಹೋಗಬೇಕು? ಎರಡು ಅಡಿ ಅಕ್ವೇರಿಯಮ್ಮಿನಲ್ಲಿ ಮೀನುಗಳ ಸಹವಾಸ

ಅಕ್ವೇರಿಯಂ ಅಂಗಡಿಗಳಲ್ಲಿ ಮೀನುಗಳನ್ನು ಸಾಧು, ಜಗಳಗಂಟ ಎಂದು ಎರಡೇ ಪಂಗಡ ಮಾಡುವ ರೂಢಿಯಿದೆ. ವ್ಯಾಪಾರಕ್ಕೆ ಇದು ಅನುಕೂಲ, ವಿವರಣೆಗೆ ಸಾಲದು. ಸುಮಾತ್ರಾ ಮೂಲದ ಟೈಗರ್ ಬಾರ್ಬ್ ಎರಡು ಮೂರೇ ಇದ್ದಾಗ ನೆರೆಯವರ ರೆಕ್ಕೆ ಕಚ್ಚುತ್ತದೆ. ಎಂಟು ಹತ್ತು ಇದ್ದಾಗ ತನ್ನ ಹಿಂಡಿನೊಳಗಿನ ಮೇಲುಕೀಳು ತೀರ್ಮಾನದಲ್ಲೇ ಹೆಚ್ಚಿನ ಹೊತ್ತು ಕಳೆಯುತ್ತದೆ. ಮೀನು ಅದೇ, ಸ್ವಭಾವವೂ ಅದೇ. ಹಾಗಾಗಿ ಹೊಂದಾಣಿಕೆಯನ್ನು ಪ್ರಭೇದದಲ್ಲಿ ಹುಡುಕುವುದಕ್ಕಿಂತ ತೊಟ್ಟಿಯಲ್ಲಿ ಹುಡುಕುವುದು ಸರಿಯೆಂಬುದು ಇಲ್ಲಿನ ವಾದ.

ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ಹಿಡಿಯುವುದು ಸುಮಾರು 56 ಲೀಟರ್; ಮರಳು, ಕಲ್ಲು, ಮೇಲೆ ಬಿಡುವ ಜಾಗ ಕಳೆದರೆ ಇನ್ನೂ ಕಡಿಮೆ. ಇಷ್ಟು ಚಿಕ್ಕ ಜಾಗ ಜಗಳಕ್ಕೆ ದಾರಿಯಾಗುವುದೇಕೆ? ಗಡಿ ಕಾಯುವುದರಿಂದ ಬರುವ ಲಾಭ ಅದರ ಖರ್ಚನ್ನು ಮೀರಿದಾಗ ಮಾತ್ರ ಪ್ರಾಣಿ ಗಡಿ ಕಾಯುತ್ತದೆಂದು ಪಕ್ಷಿವಿಜ್ಞಾನಿ ಜೆರಮ್ ಬ್ರೌನ್ 1964ರಲ್ಲಿ ವಾದಿಸಿದರು. ಅವರ ಗಮನವಿದ್ದದ್ದು ಹಕ್ಕಿಗಳ ಮೇಲೆ, ಆದರೆ ಈ ಲೆಕ್ಕ ಗಾಜಿನ ತೊಟ್ಟಿಗೂ ಚೆನ್ನಾಗಿ ಒಪ್ಪುತ್ತದೆ. ಆಹಾರ ದಿನವೂ ಒಂದೇ ಮೂಲೆಯಲ್ಲಿ ಬೀಳುತ್ತದೆ. ನಿಂತಲ್ಲಿಂದಲೇ ಇಡೀ ತೊಟ್ಟಿ ಕಾಣುತ್ತದೆ. ಕಾವಲಿನ ಖರ್ಚು ಬಹುತೇಕ ಸೊನ್ನೆ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಹೊಳೆಯಲ್ಲಿ ಸೋತ ಮೀನು ಕಣ್ಮರೆಯಾದರೆ ಕಾಳಗ ಮುಗಿಯಿತು. ಗಾಜಿನೊಳಗೆ ಸೋತದ್ದೂ ಎದುರಿಗೇ ಇರುತ್ತದೆ, ಗೆದ್ದದ್ದಕ್ಕೆ ಗೆಲುವು ಮುಗಿಯುವುದೇ ಇಲ್ಲ. ಇಂಥ ತೊಟ್ಟಿಯಲ್ಲಿ ಸಾವು ಗಾಯದಿಂದಲೇ ಬರಬೇಕಿಲ್ಲ. ಮೇವಿನ ಹತ್ತಿರ ಸುಳಿಯಲಾಗದೆ ಮೂಲೆ ಹಿಡಿದ ಮೀನನ್ನು ಹಸಿವು, ಒತ್ತಡ, ಅದರ ಬೆನ್ನಿಗೆ ಬರುವ ಬಿಳಿಚುಕ್ಕೆ ರೋಗ ಮುಗಿಸುತ್ತವೆ. ಅಂಗಡಿಯವರು ರೋಗಕ್ಕೆ ಔಷಧಿ ಕೊಟ್ಟು ಕಳಿಸುತ್ತಾರೆ, ಮೂಲ ಕಾರಣ ಹಾಗೇ ಉಳಿಯುತ್ತದೆ. ನೋಟಕ್ಕೆ ಅಡ್ಡ ಬರುವ ಗಿಡ, ಬೇರು, ಕಲ್ಲಿನ ಸಂದು ಸೋತ ಮೀನನ್ನು ಮರೆಮಾಡುವ ಕಾರಣಕ್ಕೇ ಅಲಂಕಾರಕ್ಕಿಂತ ಮುಖ್ಯ.

ಯಾರು ಯಾರನ್ನು ಅಟ್ಟುತ್ತಾರೆ ಎಂಬುದರಲ್ಲೂ ಒಂದು ಕ್ರಮವಿದೆ. ಹವಳದ ದಿಬ್ಬದ ಮೀನುಗಳು ತಮ್ಮದೇ ಜಾತಿಯ ಮೇಲೆ ಹೆಚ್ಚು ಉಗ್ರವಾಗುವುದನ್ನು ಪ್ರಾಣಿವರ್ತನೆಯ ತಜ್ಞ ಕೊನ್ರಾಡ್ ಲೊರೆಂಟ್ಸ್ 1963ರ ತಮ್ಮ ಕೃತಿಯಲ್ಲಿ ಚರ್ಚಿಸಿದ್ದಾರೆ. ಸಿಹಿನೀರಿನ ಫೈಟರ್ ಮೀನಿನಲ್ಲಿ ಈ ವೈರ ಹೋಲಿಕೆಯವರೆಗೂ ಚಾಚುತ್ತದೆ: ಅಗಲ ಬಾಲದ, ಗಾಢ ಬಣ್ಣದ ಗಂಡು ಗಪ್ಪಿ ಅದಕ್ಕೆ ಪ್ರತಿಸ್ಪರ್ಧಿಯಂತೆ ಕಾಣಬಹುದು. ಗಪ್ಪಿಗೆ ಸಾಧುವೆಂಬ ಹೆಸರಿದ್ದರೂ ಏನೂ ಪ್ರಯೋಜನವಿಲ್ಲ. ಆಕಾರ, ಬಣ್ಣ, ಈಜುವ ಮಟ್ಟ ಬೇರೆ ಬೇರೆಯಾದಷ್ಟೂ ತಕರಾರು ಕಡಿಮೆ.

ಹಾಗಾದರೆ ಟೈಗರ್ ಬಾರ್ಬ್‌ನಲ್ಲಿ ಕಂಡಂತೆ ಹಿಂಡನ್ನು ದೊಡ್ಡದು ಮಾಡಿದರೆ ಸಾಕೇ? ತೊಡಕಿರುವುದು ಇಲ್ಲೇ. ಜಗಳ ತಗ್ಗಿಸಲು ಸಂಖ್ಯೆ ಬೇಕು, ಸಂಖ್ಯೆ ಹೆಚ್ಚಿದಂತೆ ಮೀನಿನ ತ್ಯಾಜ್ಯದ ಅಮೋನಿಯಾವೂ ಹೆಚ್ಚುತ್ತದೆ. ಅಮೋನಿಯಾದ ವಿಷಕಾರಿ ಭಾಗ ನೀರಿನ ಪಿಎಚ್ 7ರಿಂದ 8ಕ್ಕೆ ಏರಿದಾಗ ಸುಮಾರು ಹತ್ತು ಪಟ್ಟಾಗುತ್ತದೆ. ಪಿಎಚ್ ಹೆಚ್ಚಿರುವ ಬೋರ್‌ವೆಲ್ ನೀರು ಬಳಸುವ ಮನೆಗಳಲ್ಲಿ ಈ ಅಂಕಿಯನ್ನು ಮರೆಯುವಂತಿಲ್ಲ. ಹೆಚ್ಚು ಸಂಖ್ಯೆ, ಕಡಿಮೆ ಅಮೋನಿಯಾ ಎಂಬ ಎರಡೂ ಬೇಡಿಕೆ ಒಟ್ಟಿಗೆ ಈಡೇರುವುದು ಮೂರು ನಾಲ್ಕು ಸೆಂಟಿಮೀಟರಿನ ಮೀನುಗಳಲ್ಲಿ ಮಾತ್ರ. ಟೈಗರ್ ಬಾರ್ಬ್‌ನ ದೊಡ್ಡ ಹಿಂಡು ಸಿದ್ಧಾಂತಕ್ಕೆ ಸರಿ, 56 ಲೀಟರಿಗೆ ಸರಿಯಲ್ಲ.

ಮೀನು ಕೊನೆಗೆ ಎಷ್ಟು ಬೆಳೆಯುತ್ತದೆಂಬ ವಿಷಯದಲ್ಲಿ ಹೆಚ್ಚು ಹೇಳಬೇಕಿಲ್ಲ. ಪಶ್ಚಿಮ ಘಟ್ಟದ ಹೊಳೆಗಳ ‘ಮಿಸ್ ಕೇರಳ’ ಎಂಬ, ಅಳಿವಿನಂಚಿನ ಪಟ್ಟಿಯಲ್ಲಿರುವ ಮೀನು 10 ಸೆಂಟಿಮೀಟರ್ ದಾಟುತ್ತದೆ, ಹರಿವ ನೀರನ್ನೂ ಹಿಂಡನ್ನೂ ಬೇಡುತ್ತದೆ. ಪಾಚಿ ತಿನ್ನುತ್ತದೆಂದು ಬೆರಳುದ್ದದಲ್ಲಿ ಮಾರುವ ಸಕ್ಕರ್ ಅಡಿಗೂ ಮೀರಿ ಬೆಳೆಯುತ್ತದೆ. ಗಾತ್ರ ಹೊಂದಿದರೂ ನೀರು ಹೊಂದಬೇಕು: ನಿಯಾನ್ ಟೆಟ್ರಾ, ಗಪ್ಪಿ ಜೋಡಿಯಲ್ಲಿ ಜಗಳವಿಲ್ಲ, ಆದರೆ ಅಮೆಜಾನಿನ ತೊರೆಗಳ ಮೃದು, ಆಮ್ಲೀಯ ನೀರಿನ ಮೀನನ್ನೂ ಗಡಸು ನೀರಿಗೆ ಒಗ್ಗಿದ ಮೀನನ್ನೂ ಒಂದೇ ನೀರಲ್ಲಿ ಇಟ್ಟರೆ ಒಂದಕ್ಕೆ ಕಸಿವಿಸಿ ತಪ್ಪದು.

ನನ್ನ ಆಯ್ಕೆ ಕೇಳಿದರೆ: ನಡುನೀರಿಗೆ ಎಂಟು ಹಾರ್ಲೆಕ್ವಿನ್ ರಾಸ್ಬೋರಾ, ನುಣ್ಣನೆ ಮರಳಿನ ತಳಕ್ಕೆ ಆರು ಪಿಗ್ಮಿ ಕೋರಿಡೋರಾಸ್, ಮೇಲ್ಮಟ್ಟಕ್ಕೆ ಈಶಾನ್ಯ ಭಾರತದ ಹನಿ ಗೌರಾಮಿ ಒಂದು ಜೋಡಿ. ಒಮ್ಮೆಗೇ ಬಿಡಬಾರದು, ಫಿಲ್ಟರಿನ ಬ್ಯಾಕ್ಟೀರಿಯಾ ಹೊಸ ಹೊರೆಗೆ ಹೊಂದಿಕೊಳ್ಳಲು ವಾರಗಳು ಬೇಕು. ಮೊದಲು ಬಂದವನಿಗೆ ಜಾಗದ ಹಕ್ಕು ಎಂಬುದು ಮೀನುಗಳಲ್ಲೂ ನಡೆಯುವುದರಿಂದ, ಗಡಿ ಹಾಕುವ ಗೌರಾಮಿಯನ್ನು ಎಲ್ಲಕ್ಕಿಂತ ಕೊನೆಗೆ, ಕಲ್ಲು, ಗಿಡಗಳನ್ನು ಒಮ್ಮೆ ಅದಲುಬದಲು ಮಾಡಿದ ಮೇಲೆ ಬಿಡುವುದು ಒಳ್ಳೆಯದು.